ಫ್ರೇಸರ್ ನದಿಯ ಸಾಲ್ಮನ್: ಅವರ ಬಲೆ ನೀರಿನಲ್ಲಿ, ನಮ್ಮ ಗಾಳ ಕಾರಿನಲ್ಲಿ. ಇದು ನ್ಯಾಯವೇ?

ಸರ್ರೆಯ ಗಾಳಗಾರ (ಜುಲೈ ಮೊದಲ ವಾರ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹೇಳಿಕೊಂಡರೆ ‘ಮೀನಿಗೋಸ್ಕರ ಇಷ್ಟು ಸಿಟ್ಟೇ’ ಎನ್ನುತ್ತಾರೆ. ಇಲ್ಲಿ ಕೆಲವರಿಗಾದರೂ ನನ್ನ ಸಂಕಟ ಅರ್ಥವಾಗಬಹುದು ಎಂದು ಬರೆಯುತ್ತಿದ್ದೇನೆ.

ನಾನು ಹೇಮಾವತಿಯ ದಡದಲ್ಲಿ ಬೆಳೆದವನು. ಸೋದರಮಾವ ಬಿದಿರು ಕೋಲಿಗೆ ದಾರ ಕಟ್ಟಿ, ಎರೆಹುಳು ಚುಚ್ಚಿ ಕೈಗೆ ಕೊಟ್ಟ ದಿನದಿಂದ ಗಾಳವೆಂದರೆ ನನಗೆ ಪ್ರಾಣ. ಕೆನಡಾಕ್ಕೆ ಬಂದು ಹನ್ನೊಂದು ವರ್ಷವಾಯಿತು. ಊರು ಬಿಟ್ಟು ಬಂದ ನೋವನ್ನು ಮರೆಸಿದ್ದು ಫ್ರೇಸರ್ ನದಿ ಎಂದರೆ ಉತ್ಪ್ರೇಕ್ಷೆಯಲ್ಲ.

ಕಳೆದ ಶನಿವಾರ ಬೆಳಗಿನ ಜಾವ ಹೋಪ್ ಪಟ್ಟಣದ ಕೆಳಗಿನ ಜಲ್ಲಿ ದಿಬ್ಬಕ್ಕೆ ಹೋದೆ. ಸಾಲ್ಮನ್‌ಗೆ ಗಾಳ ಹಾಕುವಂತಿಲ್ಲ ಎಂಬ ಫಲಕ. ಸರಿ, ನಿಯಮ ನಿಯಮವೇ ಎಂದು ಕಾಫಿ ಹಿಡಿದು ಕುಳಿತೆ. ಆಗ ನದಿಯ ಆಚೆ ಬದಿಯಲ್ಲಿ ಅಲ್ಯೂಮಿನಿಯಂ ದೋಣಿಯಲ್ಲಿ ಇಬ್ಬರು ಬಲೆ ಎಳೆಯುತ್ತಿದ್ದರು. ಮೊಣಕೈಯಿಂದ ಬೆರಳ ತುದಿಗಿಂತ ಉದ್ದದ ಶಿನೂಕ್ ಸಾಲ್ಮನ್, ಬೆಳಕಿಗೆ ಬೆಳ್ಳಿಯ ತಟ್ಟೆಯಂತೆ ಹೊಳೆಯಿತು. ಪಕ್ಕದಲ್ಲಿ ನಿಂತಿದ್ದ ಗಾಳಗಾರರು ಮೂಲನಿವಾಸಿಗಳ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಆದರೆ ಒಳಗೊಳಗೇ ನನಗೂ ಉರಿಯಿತು. ಪರವಾನಗಿಗೆ ಹಣ ಕಟ್ಟುತ್ತೇನೆ, ಸಾಲ್ಮನ್ ಸಂರಕ್ಷಣೆಯ ಸ್ಟಾಂಪಿಗೆ ಬೇರೆ ಕಟ್ಟುತ್ತೇನೆ, ಹಿಮ್ಮುಳ್ಳಿಲ್ಲದ ಕೊಕ್ಕೆಯನ್ನೇ ಬಳಸುತ್ತೇನೆ. ನನ್ನ ಒಂದು ಕೊಕ್ಕೆಯಿಂದ ನದಿ ಬರಿದಾಗುತ್ತದೆ, ಅವರ ಬಲೆಯಿಂದ ಆಗುವುದಿಲ್ಲ ಎಂದರೆ ನಂಬುವುದು ಹೇಗೆ? ಹೊಳೆ ಒಂದೇ, ಮೀನು ಒಂದೇ, ನಿಯಮ ಮಾತ್ರ ಎರಡೇಕೆ?

ಬೈಯಬೇಡಿ. ತಿಳಿದುಕೊಳ್ಳಲೆಂದೇ ಕೇಳುತ್ತಿದ್ದೇನೆ.

ಬರ್ನಬಿಯವನು

ನಿಮ್ಮ ಮಾತಿಗೆ ನನ್ನ ಸಹಮತ. ಮೀನು ಕಡಿಮೆಯಿದ್ದರೆ ಎಲ್ಲರಿಗೂ ನಿಲ್ಲಿಸಲಿ, ಹೆಚ್ಚಿದ್ದರೆ ಎಲ್ಲರಿಗೂ ತೆರೆಯಲಿ. ಹುಟ್ಟಿನ ಮೇಲೆ ಹಕ್ಕು ಹಂಚುವುದನ್ನು ನಮ್ಮ ಊರಿನಲ್ಲಿ ಸಾಕಷ್ಟು ನೋಡಿ ಬಂದಿದ್ದೇವೆ.

ಚಿಲಿವ್ಯಾಕ್‌ನ ಮಲೆನಾಡಿನವಳು

ಗಾಳಗಾರ ಅಣ್ಣ, ಬೈಯುವುದಿಲ್ಲ. ಆದರೆ ಉತ್ತರ ಉದ್ದವಾಗುತ್ತದೆ, ತಾಳ್ಮೆಯಿಂದ ಓದಬೇಕು.

ನಾನು ನಾಲ್ಕು ಶರತ್ಕಾಲಗಳಲ್ಲಿ ಮೀನು ಎಣಿಸುವ ಕೆಲಸ ಮಾಡಿದ್ದೇನೆ. ಸಾಲ್ಮನ್ ಸಮುದ್ರದಿಂದ ನದಿಗೆ ಮರಳಿ, ಮೊಟ್ಟೆಯಿಟ್ಟು ಸಾಯುವ ಮೀನು. ಹಾಗಾಗಿ ಬದುಕಿರುವ ಮೀನಿಗಿಂತ ಸತ್ತ ಮೀನನ್ನೇ ಹೆಚ್ಚು ಎಣಿಸುತ್ತೇವೆ. ಸೊಂಟದವರೆಗೆ ರಬ್ಬರಿನ ಉಡುಪು ತೊಟ್ಟು ತೊರೆಯಲ್ಲಿ ನಡೆಯುತ್ತಾ, ಮೊಟ್ಟೆಯಿಟ್ಟು ಸತ್ತ ಸಾಲ್ಮನ್ ಸಿಕ್ಕರೆ ಹೊಟ್ಟೆ ಸೀಳಿ ನೋಡುತ್ತೇವೆ. ಮೊಟ್ಟೆಯೆಲ್ಲ ಖಾಲಿಯಾಗಿದೆಯೇ, ಅಥವಾ ಇಡುವ ಮೊದಲೇ ಜೀವ ಹೋಗಿದೆಯೇ ಎಂದು ಬರೆದುಕೊಂಡು, ಮೀನನ್ನು ಮಚ್ಚಿನಿಂದ ಎರಡು ತುಂಡು ಮಾಡಿ ನೀರಿಗೆ ಎಸೆಯುತ್ತೇವೆ. ಮರುದಿನ ಅದೇ ಮೀನು ಮತ್ತೆ ಲೆಕ್ಕಕ್ಕೆ ಬರಬಾರದಲ್ಲ, ಅದಕ್ಕೆ. ಒಂದು ವರ್ಷ ಮುನ್ನೂರು ಮೀಟರ್ ತೊರೆಯಲ್ಲಿ ಇಡೀ ದಿನ ನಡೆದರೂ ಮಚ್ಚು ಎತ್ತುವ ಕೆಲಸವೇ ಬರಲಿಲ್ಲ. ಸಂಜೆ ಕಾರಿನಲ್ಲಿ ಕುಳಿತು ಅತ್ತಿದ್ದೇನೆ. ಹೀಗಾಗಿ ಈ ವಿಷಯದಲ್ಲಿ ನನಗೆ ನಿರ್ಲಿಪ್ತವಾಗಿ ಮಾತನಾಡಲು ಬರುವುದಿಲ್ಲ.

ನೀವು ಜಗಳವನ್ನು ಇಬ್ಬರ ನಡುವಿನ ಪಾಲುಪಟ್ಟಿ ಎಂದುಕೊಂಡಿದ್ದೀರಿ. ಅದು ಪಾಲಲ್ಲ, ಸರದಿ. ರೈತರ ಮನೆಯವರಿಗೆ ಇದು ಹೊಸದಲ್ಲ. ಸುಗ್ಗಿಯಾದ ಮೇಲೆ ಮೊದಲು ಏನು ಮಾಡುತ್ತೇವೆ? ಬಿತ್ತನೆ ಬೀಜವನ್ನು ಬೇರೆ ಎತ್ತಿಡುತ್ತೇವೆ. ಆಮೇಲೆ ಮನೆಯ ಕಣಜ ತುಂಬುತ್ತದೆ. ಉಳಿದದ್ದು ಸಂತೆಗೆ, ನೆಂಟರಿಗೆ. ಬರದ ವರ್ಷ ಸಂತೆಗೆ ಹೋಗುವುದು ಮೊದಲು ನಿಲ್ಲುತ್ತದೆ, ಬೀಜಕ್ಕೆ ಕೈ ಹಾಕುವುದು ಕಟ್ಟಕಡೆಗೆ. ಫ್ರೇಸರ್ ನದಿಯ ನಿಯಮವೂ ಇದೇ. ಮೊಟ್ಟೆಯಿಡಲು ಮೇಲೆ ಹೋಗಬೇಕಾದ ಮೀನು ಮೊದಲು. ಎರಡನೆಯದು ಮೂಲನಿವಾಸಿಗಳ ಊಟಕ್ಕೆ, ಸಮುದಾಯದ ಕೆಲಸಕ್ಕೆ, ಆಚರಣೆಗೆ ಬೇಕಾದ ಮೀನು. ವ್ಯಾಪಾರದ ದೋಣಿಗಳು ಮತ್ತು ನಮ್ಮ ಗಾಳಗಳು ಅದರ ನಂತರ.

ನೀವು ಕೊನೆಯವರೂ ಅಲ್ಲ. 1999ರ ಹಂಚಿಕೆ ನೀತಿಯಲ್ಲಿ ಶಿನೂಕ್ ಮತ್ತು ಕೋಹೋ ಎಂಬ ಜಾತಿಯ ಸಾಲ್ಮನ್‌ಗಳಿಗೆ ಗಾಳಗಾರರನ್ನು ವ್ಯಾಪಾರದ ದೋಣಿಗಳಿಗಿಂತ ಮುಂದೆ ನಿಲ್ಲಿಸಿದ್ದಾರೆ. ಇದನ್ನು ದಡದಲ್ಲಿ ಬೈಯುವವರು ಯಾರೂ ಹೇಳುವುದಿಲ್ಲ.

ಇನ್ನು ನೀವು ನೋಡಿದ ಬಲೆ. ಜುಲೈ ಆರಂಭದಲ್ಲಿ ಅಲ್ಲಿ ಬಲೆ ಇದ್ದರೆ ಅದು ಕೆಲವೇ ಗಂಟೆಗಳಿಗೆ ಕೊಟ್ಟ ಅನುಮತಿಯಾಗಿರುವ ಸಾಧ್ಯತೆಯೇ ಹೆಚ್ಚು. ನೀವು ಒಂದು ಬೆಳಗ್ಗೆ ಕಂಡಿರಿ. ಅವರ ಬಲೆ ಮನೆಯ ಮಾಡಿನಲ್ಲಿ ನೇತಾಡುವ ಉಳಿದ ದಿನಗಳನ್ನು ನಾವು ಯಾರೂ ಕಾಣುವುದಿಲ್ಲ.

ಸರ್ರೆಯ ಗಾಳಗಾರ

ಅಕ್ಕ, ಬೀಜದ ಮಾತು ಒಪ್ಪಿದೆ. ಮನೆಯವರ ಊಟದ ಮಾತು ಪೂರ್ತಿ ಒಪ್ಪಲು ಆಗುತ್ತಿಲ್ಲ. ಈ ದೇಶದ ಪೌರತ್ವ ನನಗೂ ಇದೆ, ತೆರಿಗೆ ನಾನೂ ಕಟ್ಟುತ್ತೇನೆ. ನನ್ನ ಮಕ್ಕಳು ಇಲ್ಲಿಯೇ ಹುಟ್ಟಿದವರು. ಅವರು ಎಷ್ಟು ತಲೆಮಾರು ಕಳೆದರೆ ಈ ಮನೆಯವರಾಗುತ್ತಾರೆ? ಇನ್ನೊಂದು, ಊಟಕ್ಕೆಂದು ಹಿಡಿದ ಮೀನು ರಸ್ತೆ ಬದಿಯಲ್ಲಿ ಮಾರಾಟವಾಗುವುದನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇನು ಹೇಳುತ್ತೀರಿ?

ನ್ಯೂ ವೆಸ್ಟ್‌ಮಿನ್‌ಸ್ಟರ್‌ನಿಂದ, ಕಾನೂನು ಓದಿದವನು

ಮಾರಾಟದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಇದರ ಹಿಂದಿನ ಕಥೆ ತಿಳಿಯದೆ ನ್ಯಾಯ ಹೇಳಲು ಹೊರಟರೆ ತಪ್ಪಾಗುತ್ತದೆ.

ಬಿಳಿಯರು ಬರುವ ಮೊದಲು ಈ ನದಿಯ ಮೀನು ಊಟವೂ ಹೌದು, ವ್ಯಾಪಾರವೂ ಹೌದು. ಫೋರ್ಟ್ ಲ್ಯಾಂಗ್ಲಿಯಲ್ಲಿ ಹಡ್ಸನ್ಸ್ ಬೇ ಕಂಪನಿ ಎಂಬ ಬ್ರಿಟಿಷ್ ವ್ಯಾಪಾರಿ ಸಂಸ್ಥೆಯವರು ಪೀಪಾಯಿಗಟ್ಟಲೆ ಉಪ್ಪು ಹಾಕಿಟ್ಟ ಸಾಲ್ಮನ್ ಎಲ್ಲಿಂದ ಬಂತು? ಈ ನದಿದಡದ ಮೂಲನಿವಾಸಿಗಳಾದ ಸ್ಟೋಲೋ ಜನರಿಂದ ಕೊಂಡದ್ದು. ಅವರ ಭಾಷೆಯಲ್ಲಿ ಸ್ಟೋಲೋ ಎಂದರೆ ನದಿ ಎಂದೇ ಅರ್ಥ. ಆಮೇಲೆ ನದಿಯ ಬಾಯಲ್ಲಿ, ಸ್ಟೀವ್‌ಸ್ಟನ್ ಸುತ್ತ, ಡಬ್ಬಿಗೆ ಮೀನು ತುಂಬುವ ಕಾರ್ಖಾನೆಗಳು ಎದ್ದವು. 1888ರ ನಿಯಮ ಬಂದಾಗ ಮೂಲನಿವಾಸಿಗಳು ಊಟಕ್ಕೆ ಹಿಡಿಯಬಹುದು, ಮಾರುವಂತಿಲ್ಲ ಎಂದಾಯಿತು. ‘ಊಟದ ಮೀನುಗಾರಿಕೆ’ ಎಂಬ ಹೆಸರು ಅವರ ಪರಂಪರೆಯಿಂದ ಬಂದದ್ದಲ್ಲ. ಅವರ ವ್ಯಾಪಾರವನ್ನು ಕಿತ್ತುಕೊಂಡು ಉಳಿಸಿದ ತುಂಡಿಗೆ ಸರ್ಕಾರ ಇಟ್ಟ ಹೆಸರು.

1984ರಲ್ಲಿ ಮಸ್ಕ್ವಿಯಮ್ ಎಂಬ ಮೂಲನಿವಾಸಿ ಸಮುದಾಯದ ರೊನಾಲ್ಡ್ ಸ್ಪ್ಯಾರೋ ಎಂಬ ಮೀನುಗಾರರ ಮೇಲೆ ಮೊಕದ್ದಮೆ ಹೂಡಿದರು. ಪರವಾನಗಿಯಲ್ಲಿದ್ದದ್ದು 25 ಮಾರು ಉದ್ದದ ಬಲೆ, ಅವರು ಬಿಟ್ಟದ್ದು 45 ಮಾರು. ಇಪ್ಪತ್ತು ಮಾರಿನ ಆ ವ್ಯತ್ಯಾಸ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1990ರಲ್ಲಿ ತೀರ್ಪು ಬಂತು: 1982ರ ಸಂವಿಧಾನದ 35ನೆಯ ವಿಧಿಯ ಪ್ರಕಾರ ಅವರ ಮೀನುಗಾರಿಕೆಯ ಹಕ್ಕು ಜೀವಂತವಾಗಿದೆ, ಸಂರಕ್ಷಣೆಯ ನಂತರ ಮೊದಲ ಆದ್ಯತೆ ಅದಕ್ಕೇ. ಚಿಲಿವ್ಯಾಕ್‌ನವರು ಹೇಳಿದ ಸರದಿ ಹುಟ್ಟಿದ್ದು ಅಲ್ಲಿ. ಇದು ಮೀನುಗಾರಿಕೆ ಇಲಾಖೆಯ ಉದಾರತೆಯಲ್ಲ, ಸಂವಿಧಾನದ ಮಾತು. ನಮ್ಮ ಗಾಳ ನಡೆಯುವುದು ಪರವಾನಗಿಯ ಮೇಲೆ. ಹಕ್ಕು ಬೇರೆ, ಪರವಾನಗಿ ಬೇರೆ.

ಇನ್ನು ಮಾರಾಟ. ಡೊರೊಥಿ ವ್ಯಾನ್ ಡರ್ ಪೀಟ್ ಎಂಬ ಸ್ಟೋಲೋ ಮಹಿಳೆ 1987ರಲ್ಲಿ ಹತ್ತು ಸಾಲ್ಮನ್‌ಗಳನ್ನು ಐವತ್ತು ಡಾಲರಿಗೆ ಮಾರಿದರು. ಒಂದಕ್ಕೆ ಐದು ಡಾಲರ್. 1996ರಲ್ಲಿ ಅದೇ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟಿತು. ಹೊರಗಿನವರು ಬರುವ ಮೊದಲೇ ಹಣ ಅಥವಾ ಸರಕಿಗೆ ಮೀನು ಕೊಡುವುದು ಆ ಸಮಾಜದ ತಿರುಳಾಗಿತ್ತು ಎಂಬುದು ಸಾಬೀತಾಗಿಲ್ಲ ಎಂದಿತು. ಆದ್ದರಿಂದ ನೀವು ರಸ್ತೆಬದಿಯಲ್ಲಿ ಕಂಡದ್ದು ಅನುಮತಿಯಿಲ್ಲದ ಮಾರಾಟವಾಗಿದ್ದರೆ ಅದು ಇಂದಿಗೂ ಅಪರಾಧವೇ. ಕೆಲವು ವರ್ಷ ಮೀನು ಸಾಕಷ್ಟು ಬಂದಾಗ ಮೂಲನಿವಾಸಿ ಸಮುದಾಯಗಳಿಗೆ ಮಾರಾಟಕ್ಕೂ ಅನುಮತಿ ಇರುತ್ತದೆ. ಎರಡಕ್ಕೂ ವ್ಯತ್ಯಾಸ ದಡದಲ್ಲಿ ನಿಂತವರ ಕಣ್ಣಿಗೆ ಕಾಣುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ನೂರು ವರ್ಷಕ್ಕೂ ಹೆಚ್ಚು ಕಾಲ ಅವರ ಸಂತೆಯನ್ನು ಮುಚ್ಚಿಸಿ, ಈಗ ರಸ್ತೆಬದಿಯ ಹತ್ತು ಮೀನನ್ನು ಹಿಡಿದು ತೋರಿಸುವುದು ನ್ಯಾಯದ ಮಾತಲ್ಲ.

ಬರ್ನಬಿಯವನು

ಕಾನೂನು ಸರಿ ಸರ್. ಕಾನೂನು ಹೇಳಿದ್ದೆಲ್ಲ ನ್ಯಾಯವೆಂದು ಒಪ್ಪಬೇಕಾಗಿಲ್ಲ. ಊಟದಲ್ಲಿ ಕೆಲವರಿಗೆ ಮೊದಲ ಪಂಕ್ತಿ, ಕೆಲವರಿಗೆ ಹಿಂದಿನ ಪಂಕ್ತಿ ಎಂದರೆ ಅದಕ್ಕೆ ನಮ್ಮ ಭಾಷೆಯಲ್ಲಿ ಪಂಕ್ತಿಭೇದ ಎನ್ನುತ್ತಾರೆ.

ಚಿಲಿವ್ಯಾಕ್‌ನ ಮಲೆನಾಡಿನವಳು

ಆ ಪದವನ್ನು ಇಲ್ಲಿ ಬಳಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಪಂಕ್ತಿಭೇದದಲ್ಲಿ ಹಿಂದೆ ಕೂರಿಸಲ್ಪಟ್ಟವರು ಯಾರು? ಹೊಲ ಉತ್ತವರು, ಅಕ್ಕಿ ಬೆಳೆದವರು. ಬೆಳೆದ ಅನ್ನಕ್ಕೆ ಅವರು ಹೊರಗೆ ನಿಂತು ಕಾಯಬೇಕಿತ್ತು. ಇಲ್ಲಿ ನೂರು ವರ್ಷ ಹಾಗೆ ಹೊರಗೆ ನಿಂತವರು ಮೂಲನಿವಾಸಿಗಳು. ಒಂದೇ ಉದಾಹರಣೆ ಕೊಡುತ್ತೇನೆ.

1913–14ರಲ್ಲಿ ಹೆಲ್ಸ್ ಗೇಟ್ ಎಂಬ ಇಕ್ಕಟ್ಟಾದ ಕಣಿವೆಯಲ್ಲಿ ರೈಲು ಹಳಿ ಹಾಕುವವರು ಸಿಡಿಸಿದ ಬಂಡೆಗಳು ನದಿಗೆ ಉರುಳಿದವು. ನೀರಿನ ರಭಸ ಹೆಚ್ಚಾಗಿ ಸಾಕೈ ಎಂಬ ಜಾತಿಯ ಸಾಲ್ಮನ್‌ಗಳು ಮೇಲೆ ಹತ್ತಲಾರದೆ ಅಲ್ಲಿಯೇ ಸತ್ತವು. ಬಂಡೆ ಉರುಳಿಸಿದವರು ರೈಲ್ವೆಯವರು, ನದಿಯ ಬಾಯಲ್ಲಿ ಲಕ್ಷಗಟ್ಟಲೆ ಮೀನು ಡಬ್ಬಿಗೆ ತುಂಬುತ್ತಿದ್ದವರು ಕಾರ್ಖಾನೆಯವರು. ಆದರೆ ಉಳಿದ ಮೀನನ್ನು ಕಾಪಾಡಬೇಕು ಎಂದು ಕೈ ಕಟ್ಟಿದ್ದು ಕಣಿವೆಯಲ್ಲಿ ಕೈಬಲೆ ಹಿಡಿದು ನಿಂತಿದ್ದ ಮೂಲನಿವಾಸಿಗಳದ್ದು. ಮೀನು ಹತ್ತಲು ಸಿಮೆಂಟಿನ ಹಾದಿ ಕಟ್ಟಿ ಮುಗಿಸುವ ಹೊತ್ತಿಗೆ 1945–46 ಬಂದಿತ್ತು. ಮೂವತ್ತು ವರ್ಷ!

ಹೀಗೆ ಹೊರಗೆ ನಿಲ್ಲಿಸಿದವರನ್ನು ಮತ್ತೆ ಒಳಗೆ ಕರೆದದ್ದಕ್ಕೆ ಪಂಕ್ತಿಭೇದ ಎನ್ನುವುದು ಆ ಪದಕ್ಕೇ ಮಾಡುವ ಅನ್ಯಾಯ.

ಸಿಯಾಟಲ್‌ನ ಬಸವನಗುಡಿಯವನು

ಗಡಿಯ ಈಚೆಯಿಂದ ಒಂದು ಮಾತು. ವಾಷಿಂಗ್ಟನ್ ರಾಜ್ಯದಲ್ಲಿ ಇದೇ ಜಗಳ ಐವತ್ತು ವರ್ಷಗಳ ಹಿಂದೆ ಬೀದಿಗೆ ಬಂದಿತ್ತು. 1850ರ ದಶಕದ ಒಪ್ಪಂದಗಳಲ್ಲಿ ಇಲ್ಲಿನ ಬುಡಕಟ್ಟುಗಳು ನೆಲ ಬಿಟ್ಟುಕೊಟ್ಟರು, ತಮ್ಮ ಹಳೆಯ ಜಾಗಗಳಲ್ಲಿ ವಲಸಿಗರ ಜೊತೆಯಲ್ಲಿ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡರು. ಆಮೇಲೆ ಅದೇ ಹಕ್ಕು ಚಲಾಯಿಸಿದವರನ್ನು ಪೊಲೀಸರು ಎಳೆದೊಯ್ದರು. ನಿಸ್ಕ್ವಾಲಿ ಬುಡಕಟ್ಟಿನ ಬಿಲ್ಲಿ ಫ್ರ್ಯಾಂಕ್ ಜೂನಿಯರ್ ಮೀನು ಹಿಡಿದದ್ದಕ್ಕೆ ಐವತ್ತಕ್ಕೂ ಹೆಚ್ಚು ಬಾರಿ ಬಂಧನಕ್ಕೊಳಗಾದರು. ಮೊದಲ ಬಾರಿ ಬಂಧಿಸಿದಾಗ ಅವರಿಗೆ ಹದಿನಾಲ್ಕು ವರ್ಷ.

1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ತೀರ್ಪು ಕೊಟ್ಟರು: ‘ಜೊತೆಯಲ್ಲಿ’ ಎಂದರೆ ಹಿಡಿಯಬಹುದಾದ ಮೀನಿನಲ್ಲಿ ಅರ್ಧ. ಗಾಳಗಾರರೂ ವ್ಯಾಪಾರದ ಮೀನುಗಾರರೂ ಅವರ ಪ್ರತಿಕೃತಿ ನೇತುಹಾಕಿದರು. ರಾಜ್ಯ ಸರ್ಕಾರವೇ ತೀರ್ಪನ್ನು ಪಾಲಿಸಲು ಒಪ್ಪಲಿಲ್ಲ. 1979ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಖ್ಯವಾಗಿ ಎತ್ತಿಹಿಡಿದ ಮೇಲೆಯೇ ಗಲಾಟೆ ತಣ್ಣಗಾಯಿತು.

ಗಾಳಗಾರರು ಗಮನಿಸಬೇಕಾದದ್ದು ಅದರ ನಂತರ ನಡೆದದ್ದು. ಬುಡಕಟ್ಟುಗಳು ರಾಜ್ಯದ ಜೊತೆ ಸಮಾನವಾಗಿ ಕುಳಿತು ನದಿಗಳನ್ನು ನಿರ್ವಹಿಸುತ್ತಿವೆ. ಅವರಿಗೆ ತಮ್ಮದೇ ವಿಜ್ಞಾನಿಗಳು, ಮರಿ ಬೆಳೆಸುವ ಕೇಂದ್ರಗಳು ಇವೆ. ರಸ್ತೆಗಳ ಕೆಳಗಿನ ಮೋರಿಗಳು ಮೀನಿನ ದಾರಿಗೆ ಅಡ್ಡ ಬರುತ್ತಿವೆ, ಮೀನೇ ಇಲ್ಲದಿದ್ದರೆ ಮೀನಿನ ಹಕ್ಕಿಗೆ ಅರ್ಥವೇನು ಎಂದು ಅವರು ಕೋರ್ಟಿಗೆ ಹೋದರು. 2018ರಲ್ಲಿ ಅವರ ಪರ ತೀರ್ಪು ಉಳಿಯಿತು, ರಾಜ್ಯ ಈಗ ಮೋರಿಗಳನ್ನು ಕಿತ್ತು ಹೊಸದಾಗಿ ಕಟ್ಟುತ್ತಿದೆ. ಆ ತೊರೆಗಳಿಗೆ ಮರಳುವ ಕೋಹೋ ನನ್ನ ಗಾಳಕ್ಕೂ ಸಿಗುತ್ತದೆ. ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರವರೆಗೆ ಒಡೆದು ತೆಗೆದರು. ಕೆಳ ಎಲ್ವಾ ಕ್ಲಾಲಮ್ ಬುಡಕಟ್ಟು ದಶಕಗಟ್ಟಲೆ ಹಿಡಿದ ಹಟ ಅದರ ಹಿಂದಿತ್ತು. ಅಣೆಕಟ್ಟು ಹೋದ ಮೇಲೂ ಅವರು ತಕ್ಷಣ ಬಲೆ ಬಿಡಲಿಲ್ಲ. ಮೀನಿಗೆ ಕಾಲ ಕೊಟ್ಟು, 2023ರಲ್ಲಿ ಸಣ್ಣ ಪ್ರಮಾಣದಲ್ಲಿ ಕೋಹೋ ಹಿಡಿದರು.

ಗಾಳಗಾರರ ಸಂಘಗಳು ಇಷ್ಟು ದೊಡ್ಡ ಕೆಲಸ ಎಂದಾದರೂ ಮಾಡಿಸಿವೆಯೇ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಹಕ್ಕಿದ್ದವನ ಕೂಗನ್ನು ಕೋರ್ಟ್ ಕೇಳುತ್ತದೆ. ಹವ್ಯಾಸಿಯ ಕೂಗನ್ನು ಕೇಳುವವರು ಯಾರು?

ಮರವಂತೆಯ ಕಡಲು

ನಾನು ಕೆನಡಾದಲ್ಲಿ ಇಲ್ಲ, ನದಿಯನ್ನೂ ನೋಡಿಲ್ಲ. ಆದರೆ ಒಂದು ಹೋಲಿಕೆ ಹೇಳದೆ ಇರಲಾರೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಮೀನು ಮರಿ ಮಾಡುವ ಕಾಲ. ನಾಡದೋಣಿಯವರಿಗೆ ಮಾತ್ರ ವಿನಾಯಿತಿ. ಮಳೆಗಾಲದಲ್ಲಿ ಅಲೆ ತಗ್ಗಿದ ದಿನ ಅವರು ಬಲೆ ಬಿಡುತ್ತಾರೆ, ನಾಲ್ಕು ಮನೆಗೆ ಸಾರಿಗಾಗುತ್ತದೆ. ಟ್ರಾಲರ್ ಬೋಟಿನವರು ‘ನಮಗೊಂದು ನಿಯಮ, ಅವರಿಗೊಂದು ನಿಯಮ’ ಎಂದು ಗೊಣಗುವುದು ನಮ್ಮಲ್ಲೂ ಇದೆ. ಆದರೆ ಊರಿನಲ್ಲಿ ಯಾರನ್ನೇ ಕೇಳಿ, ನಾಡದೋಣಿಗೆ ಆ ಎರಡು ತಿಂಗಳು ಬಿಟ್ಟುಕೊಟ್ಟದ್ದು ಅನ್ಯಾಯ ಎನ್ನುವವರು ಸಿಗುವುದಿಲ್ಲ.

ರಿಚ್ಮಂಡ್‌ನಿಂದ

ಎಲ್ಲರೂ ಹಕ್ಕಿನ ಬಗ್ಗೆ ಮಾತನಾಡುತ್ತಿದ್ದೀರಿ. ಬಲೆಗೆ ಕಣ್ಣಿಲ್ಲ ಎಂಬುದನ್ನು ಯಾರೂ ಹೇಳುತ್ತಿಲ್ಲ. ಕೆಳಗಿನ ಫ್ರೇಸರ್‌ನಲ್ಲಿ ನೂರಾರು ತೊರೆಗಳ ಮೀನು ಒಟ್ಟಾಗಿ ಈಜುತ್ತದೆ. ಪುಷ್ಕಳವಾಗಿರುವ ಚಮ್ ಸಾಲ್ಮನ್‌ಗೆ ಬಲೆ ಬಿಟ್ಟರೆ ತೀರಾ ವಿರಳವಾಗಿರುವ ಥಾಂಪ್ಸನ್ ನದಿಯ ಸ್ಟೀಲ್‌ಹೆಡ್ ಎಂಬ ಮೀನು ಅದರಲ್ಲಿ ಸಿಕ್ಕಿಬೀಳುತ್ತದೆ. ಬಲೆ ಮೂಲನಿವಾಸಿಯದ್ದಾದರೂ ನನ್ನದಾದರೂ ಕಿವಿರು ಸಿಕ್ಕಿಕೊಂಡ ಮೀನು ಸಾಯುತ್ತದೆ. ಮೂಲನಿವಾಸಿಗಳನ್ನು ಪ್ರಶ್ನಿಸಿದರೆ ಜನಾಂಗದ್ವೇಷಿ ಎನ್ನುತ್ತಾರೆಂದು ಎಲ್ಲರೂ ಬಾಯಿ ಮುಚ್ಚಿಕೊಂಡರೆ ಸ್ಟೀಲ್‌ಹೆಡ್ ನಮ್ಮ ಕಣ್ಣೆದುರೇ ಮುಗಿದುಹೋಗುತ್ತದೆ.

ಚಿಲಿವ್ಯಾಕ್‌ನ ಮಲೆನಾಡಿನವಳು

ನಿಮ್ಮ ಮಾತು ನಿಜ. ಇದಕ್ಕೆ ಅಡ್ಡಮಾತು ಹೇಳಿದರೆ ನಾನು ಎಣಿಸಿದ ಮೀನಿಗೇ ಮೋಸ ಮಾಡಿದಂತೆ. ನಮ್ಮ ಮನೆಯ ಹತ್ತಿರದ ಕಲ್ಟಸ್ ಸರೋವರದ ಸಾಕೈ ಕೂಡ ಹಾಗೆಯೇ. ಅಳಿವಿನಂಚಿನಲ್ಲಿರುವ ಆ ಪುಟ್ಟ ಗುಂಪು ಆಡಮ್ಸ್ ನದಿಯ ದೊಡ್ಡ ದಂಡಿನ ಜೊತೆ ಬೆರೆತು ಬರುತ್ತದೆ. ಆಡಮ್ಸ್ ಮೀನು ನಾಲ್ಕು ವರ್ಷಕ್ಕೊಮ್ಮೆ ಉಕ್ಕುತ್ತದೆ: 2010, 2014, 2018, 2022. ಆ ವರ್ಷ ಎಲ್ಲರ ಕೈಯೂ ತುರಿಸುತ್ತದೆ, ಪೆಟ್ಟು ಬೀಳುವುದು ಕಲ್ಟಸ್ ಮೀನಿಗೆ.

ದಡದಿಂದ ಬೀಸಿ ಎಳೆಯುವ ದೊಡ್ಡ ಬಲೆಯಲ್ಲಿ ಮೀನು ಜೀವಂತವಾಗಿ ಆಳವಿಲ್ಲದ ನೀರಿನಲ್ಲಿ ಉಳಿಯುತ್ತದೆ, ಬೇಡದ್ದನ್ನು ಕೈಯಿಂದ ಎತ್ತಿ ಬಿಡಬಹುದು. ಸ್ಟೋಲೋ ತಂಡಗಳು ಪಿಂಕ್ ಸಾಲ್ಮನ್ ಹಿಡಿಯುವಾಗ ಹೀಗೆ ಮಾಡುವುದನ್ನು ನೋಡಿದ್ದೇನೆ. ತಣ್ಣನೆಯ ನೀರಿನಲ್ಲಿ ಎರಡು ಕೈ ಅಡಿಗೆ ಕೊಟ್ಟು, ಕಿವಿರು ಮುಟ್ಟದಂತೆ ಸಾಕೈಯನ್ನು ಎತ್ತಿ ಬಲೆಯ ಆಚೆ ಬಿಡುತ್ತಾರೆ. ಕಣಿವೆಯ ಕೈಬಲೆಯೂ ಹೀಗೆ ಆರಿಸಿ ಹಿಡಿಯುವ ಸಾಧನವೇ. ಇವು ಅವರ ಅಜ್ಜಂದಿರ ಕ್ರಮಗಳು. ತೊರೆಗೆ ಅಡ್ಡಲಾಗಿ ಕಟ್ಟಿ ಮೀನು ಆರಿಸುತ್ತಿದ್ದ ಅವರ ಬೇಲಿಗಳನ್ನು ಕಾನೂನುಬಾಹಿರ ಮಾಡಿ, ಬಲೆಯ ಕಡೆಗೆ ತಳ್ಳಿದ್ದು ಸರ್ಕಾರವೇ.

ಹಾಗೆಂದು ಗಾಳಕ್ಕೂ ಕಣ್ಣಿದೆ ಎನ್ನಬೇಡಿ. ಸೀಸದ ಗುಂಡು ಕಟ್ಟಿ, ಎರಡು ಮಾರು ಉದ್ದದ ದಾರ ಬಿಟ್ಟು, ತಳ ಕೆರೆಯುತ್ತಾ ಎಳೆಯುವವರನ್ನು ನೋಡಿದ್ದೀರಲ್ಲ? ನದಿಗೆ ಬಂದ ಸಾಕೈ ತಿನ್ನುವುದನ್ನೇ ಬಿಟ್ಟಿರುತ್ತದೆ. ಬಾಯಿ ತೆರೆದು ಉಸಿರಾಡುವಾಗ ದಾರ ಒಳಗೆ ತೂರಿ, ಕೊಕ್ಕೆ ಹೊರಗಿನಿಂದ ದವಡೆಗೆ ಚುಚ್ಚುತ್ತದೆ. ಮೀನು ಕಚ್ಚಲಿಲ್ಲ, ನಾವು ಚುಚ್ಚಿದೆವು. ನೀರು 18 ಡಿಗ್ರಿ ದಾಟಿದ ಬೇಸಿಗೆಯಲ್ಲಿ ಹಾಗೆ ಚುಚ್ಚಿ, ಹೋರಾಡಿಸಿ, ಫೋಟೊ ತೆಗೆದು ಬಿಟ್ಟ ಮೀನುಗಳಲ್ಲಿ ಎಷ್ಟೋ ಮೊಟ್ಟೆಯಿಡುವ ಜಾಗಕ್ಕೆ ತಲುಪುವುದೇ ಇಲ್ಲ. ಹೊಟ್ಟೆ ತುಂಬ ಮೊಟ್ಟೆಯಿಟ್ಟುಕೊಂಡು ಸತ್ತ ಹೆಣ್ಣು ಮೀನನ್ನು ಸೀಳುವಾಗ ಕೈಗೆ ಹತ್ತುವ ಆ ಕೆಂಪು ಮಣಿಗಳು ನನ್ನ ಕನಸಿನಲ್ಲಿ ಬರುತ್ತವೆ.

ನನಗೆ ಉತ್ತರ ಸಿಗದ ಪ್ರಶ್ನೆ ಬೇರೆಯೇ ಇದೆ. ನದಿಯ ಉದ್ದ 1,300 ಕಿಲೋಮೀಟರಿಗೂ ಹೆಚ್ಚು. ಬಾಯಿಯ ಬಳಿ ಮಸ್ಕ್ವಿಯಮ್, ತವಾಸ್ಸೆನ್, ನಡುವೆ ಸ್ಟೋಲೋ, ಮೇಲೆ ಸೆಕ್ವೆಪಮ್, ಚಿಲ್ಕೋಟಿನ್, ಡಾಕೆಲ್ ಎಂಬ ಮೂಲನಿವಾಸಿ ಸಮುದಾಯಗಳು. 2018ರ ಕೊನೆಯಲ್ಲಿ ಬಿಗ್ ಬಾರ್ ಬಳಿ ಗುಡ್ಡ ಕುಸಿದು ನದಿ ಕಟ್ಟಿಕೊಂಡಿತು, ಗೊತ್ತಾದದ್ದು 2019ರ ಜೂನ್‌ನಲ್ಲಿ. ಹೆಲಿಕಾಪ್ಟರಿನಲ್ಲಿ ಮೀನು ಹೊತ್ತು ದಾಟಿಸಬೇಕಾಯಿತು. 2020ರಲ್ಲಿ ಇಡೀ ಫ್ರೇಸರ್‌ಗೆ ಮರಳಿದ ಸಾಕೈ ಮೂರು ಲಕ್ಷಕ್ಕೂ ಕಡಿಮೆ. ಮೇಲ್ಹೊಳೆಯ ಕೆಲವು ಸಮುದಾಯಗಳು ತಾವಾಗಿಯೇ ಬಲೆ ಎತ್ತಿಟ್ಟವು. ಅವರ ಹಕ್ಕೂ ಮೊದಲ ಸರದಿಯದ್ದೇ, ಆದರೆ ಮೀನು ಅವರನ್ನು ತಲುಪುವುದು ಎಲ್ಲರ ನಂತರ. ಒಂದೇ ಹಕ್ಕಿನವರಲ್ಲಿ ಮೇಲಿನವರಿಗೂ ಕೆಳಗಿನವರಿಗೂ ಹಂಚುವುದು ಹೇಗೆ? ಕಾವೇರಿ ನೀರಿನ ಜಗಳ ಕಂಡ ನಮಗೆ ಈ ಪ್ರಶ್ನೆಯ ಭಾರ ಬಿಡಿಸಿ ಹೇಳಬೇಕಿಲ್ಲ.

ಬರ್ನಬಿಯವನು

ಸಮುದ್ರದಲ್ಲಿಯೇ ಹಿಡಿದುಬಿಡುವವರ ಲೆಕ್ಕ ಯಾರೂ ಕೇಳುವುದಿಲ್ಲವೇ?

ನ್ಯೂ ವೆಸ್ಟ್‌ಮಿನ್‌ಸ್ಟರ್‌ನಿಂದ, ಕಾನೂನು ಓದಿದವನು

ಕೇಳುತ್ತಾರೆ. ಕೆನಡಾ ಮತ್ತು ಅಮೆರಿಕದ ನಡುವಿನ 1985ರ ಪೆಸಿಫಿಕ್ ಸಾಲ್ಮನ್ ಒಪ್ಪಂದದ ವ್ಯವಸ್ಥೆಯಲ್ಲಿ, ಹಿಡಿಯಬಹುದೆಂದು ನಿರ್ಧರಿಸಿದ ಫ್ರೇಸರ್ ಸಾಕೈನಲ್ಲಿ ಶೇ 16.5 ಪಾಲು ವಾಷಿಂಗ್ಟನ್‌ನವರದ್ದು. ಮಿಷನ್ ಪಟ್ಟಣದ ಬಳಿ ನೀರಿಗೆ ಶಬ್ದದ ಅಲೆ ಬಿಟ್ಟು ಮೇಲೆ ಹೋಗುವ ಮೀನು ಎಣಿಸುತ್ತಾರೆ, ಅದನ್ನು ನೋಡಿಕೊಂಡು ಎರಡೂ ದೇಶದವರು ವಾರವಾರ ತೆರೆಯುವುದು ಮುಚ್ಚುವುದು ನಿರ್ಧರಿಸುತ್ತಾರೆ. ಆದರೂ ಲೆಕ್ಕ ತಪ್ಪುತ್ತದೆ. 2009ರಲ್ಲಿ ಒಂದು ಕೋಟಿಗೂ ಹೆಚ್ಚು ಸಾಕೈ ಬರುತ್ತದೆಂದು ಅಂದಾಜಿಸಿದ್ದರು, ಬಂದದ್ದು ಸುಮಾರು 14 ಲಕ್ಷ. ನ್ಯಾಯಮೂರ್ತಿ ಬ್ರೂಸ್ ಕೋಹೆನ್ ಅವರ ವಿಚಾರಣಾ ಆಯೋಗ ನೇಮಕವಾಯಿತು. ಮರುವರ್ಷವೇ ಮೂರು ಕೋಟಿಯ ಸಮೀಪ ಬಂತು! 2012ರಲ್ಲಿ ಆಯೋಗ 75 ಶಿಫಾರಸು ಕೊಟ್ಟಿತು. ಕುಸಿತಕ್ಕೆ ಒಬ್ಬನೇ ಅಪರಾಧಿ ಸಿಗಲಿಲ್ಲ. ನೀರು ಬಿಸಿಯಾಗುವುದು, ಸಮುದ್ರದ ಬದಲಾವಣೆ, ರೋಗ, ಮೀನು ಸಾಕಣೆಯ ತೆರೆದ ಬಲೆಗಳ ಅಪಾಯ, ಮರಿ ಬೆಳೆಯುವ ಜಾಗಗಳ ನಾಶ ಎಲ್ಲವೂ ಅದರಲ್ಲಿವೆ.

ಜಾಗಗಳ ನಾಶವೆಂದರೆ ದೂರ ಹೋಗಬೇಕಿಲ್ಲ. ಆಬಟ್ಸ್‌ಫೋರ್ಡ್‌ನ ಹೊಲಗಳಿಂದ ಬರುವ ಬ್ಲೂಬೆರಿ ನಮ್ಮೆಲ್ಲರ ಮನೆಯಲ್ಲಿದೆ. ಅಲ್ಲಿ ಸುಮಾಸ್ ಎಂಬ ದೊಡ್ಡ ಸರೋವರ ಇತ್ತು, 1920ರ ದಶಕದಲ್ಲಿ ನೀರು ಬಸಿದು ಹೊಲ ಮಾಡಿದರು. 2021ರ ನವೆಂಬರ್ ಪ್ರವಾಹದಲ್ಲಿ ಸರೋವರ ತನ್ನ ಜಾಗಕ್ಕೆ ಮರಳಿ ಬಂದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದೆವು.

ಸರ್ರೆಯ ಗಾಳಗಾರ (ಜುಲೈ ಕೊನೆಯ ವಾರ)

ಕೆಲವು ದಿನ ಬರೆಯಲಿಲ್ಲ, ಕ್ಷಮಿಸಿ. ಚಿಲಿವ್ಯಾಕ್‌ನ ಅಕ್ಕ ತಮ್ಮ ಪರಿಚಯದ ಸ್ಟೋಲೋ ಕುಟುಂಬವೊಂದನ್ನು ಕೇಳಿ, ಯೇಲ್ ಊರಿನ ಮೇಲಿನ ಕಣಿವೆಯಲ್ಲಿ ಅವರು ಮೀನು ಒಣಗಿಸುವ ಜಾಗಕ್ಕೆ ನನ್ನನ್ನೂ ಮಗಳನ್ನೂ ಕರೆದುಕೊಂಡು ಹೋದರು.

ಬಂಡೆಯ ಮೇಲೆ ಮರದ ಕಂಬ ನೆಟ್ಟು, ಅಡ್ಡಕೋಲುಗಳನ್ನು ಕಟ್ಟಿ, ಮೇಲೆ ಮಾಡು ಹೊದಿಸಿದ ಚಪ್ಪರ. ಮಧ್ಯಾಹ್ನವಾಗುತ್ತಿದ್ದಂತೆ ಕಣಿವೆಯಲ್ಲಿ ಬಿಸಿಗಾಳಿ ಏಳುತ್ತದೆ, ನಿಂತವರ ಟೋಪಿ ಹಾರುವಷ್ಟು. ಉಪ್ಪಿಲ್ಲ, ಹೊಗೆಯಿಲ್ಲ, ಆ ಗಾಳಿಯೇ ಮೀನನ್ನು ಒಣಗಿಸುವುದು. ಅಲ್ಲಿದ್ದ ಅಜ್ಜಿ ಒಂದು ಸಾಕೈಯನ್ನು ನನ್ನ ಕಣ್ಣೆದುರು ಕೊಯ್ದರು. ಬೆನ್ನೆಲುಬು ಬಿಡಿಸಿ, ಎರಡು ಪಕ್ಕಗಳು ಬಾಲದಲ್ಲಿ ಕೂಡಿಕೊಂಡಿರುವಂತೆ ಬಿಟ್ಟು, ಒಳಮೈಯಲ್ಲಿ ಬೆರಳಗಲಕ್ಕೊಂದರಂತೆ ಅಡ್ಡ ಗೆರೆ ಎಳೆದರು. ಚರ್ಮ ಒಂದು ಕಡೆಯೂ ತುಂಡಾಗಲಿಲ್ಲ. ಗಾಳಿ ಪ್ರತಿ ಗೆರೆಯೊಳಗೂ ಹೋಗಬೇಕಂತೆ. ಹಲಸಿನ ಹಪ್ಪಳದ ಹಿಟ್ಟು ತಟ್ಟುವಾಗ ನಮ್ಮ ಅಜ್ಜಿಯ ಕೈ ಹೀಗೆಯೇ ನೋಡದೆ ಓಡುತ್ತಿತ್ತು.

ನಾನು ಅಡ್ಡಕೋಲುಗಳನ್ನು ಎಣಿಸಿದೆ. ಇನ್ನೂರು ಮೀನು ನೇತುಹಾಕುವಷ್ಟು ಜಾಗ. ನೇತಾಡುತ್ತಿದ್ದದ್ದು ಹತ್ತೊಂಬತ್ತು. ‘ಈ ವರ್ಷಕ್ಕೆ ಇಷ್ಟೇ’ ಎಂದರು. ಅದರಲ್ಲಿ ಆರು ಬರಲಿರುವ ಒಂದು ತಿಥಿಯೂಟಕ್ಕೆ, ನಾಲ್ಕು ಮಲಗಿದಲ್ಲೇ ಇರುವ ಹಿರಿಯರ ಮನೆಗಳಿಗೆ. ಬೆನ್ನೆಲುಬನ್ನು ಅವರ ಮೊಮ್ಮಗ ಕೆಳಗಿಳಿದು ನದಿಗೆ ಮರಳಿಸಿ ಬಂದ. ವರ್ಷದ ಮೊದಲ ಸಾಲ್ಮನ್ ಸಿಕ್ಕಾಗ ಊರೆಲ್ಲ ಚೂರುಚೂರು ಹಂಚಿಕೊಂಡು ತಿಂದು, ಮುಳ್ಳನ್ನು ಹೀಗೆಯೇ ನೀರಿಗೆ ಬಿಡುತ್ತಾರಂತೆ.

ನಾನು ಆ ಶನಿವಾರ ಕಂಡ ದೋಣಿ ಇವರದ್ದೇ ಅಲ್ಲದಿರಬಹುದು. ಕೇಳಲು ಬಾಯಿ ಬರಲಿಲ್ಲ.

ಹೊರಡುವಾಗ ಅಜ್ಜಿ ಕಳೆದ ವರ್ಷದ ಒಣಮೀನಿನ ಒಂದು ಪಟ್ಟಿ ಮುರಿದು ಮಗಳ ಕೈಗಿಟ್ಟರು. ಹತ್ತೊಂಬತ್ತೇ ಇರುವ ಮನೆಯಿಂದ ಬೇಡ ಎನ್ನಬೇಕು ಅನ್ನಿಸಿತು, ಆದರೆ ನಮ್ಮಲ್ಲಿಯೂ ಕೊಟ್ಟದ್ದನ್ನು ಬೇಡ ಎನ್ನುವುದಿಲ್ಲವಲ್ಲ. ಮಗಳು ಅದನ್ನು ದಾರಿಯುದ್ದಕ್ಕೂ ಚೀಪುತ್ತಾ ಬಂದಳು.

ಬರ್ನಬಿಯವನು

ಓದಿ ಮನಸ್ಸು ತಟ್ಟಿತು. ಆದರೂ ನನ್ನ ಪ್ರಶ್ನೆ ಉಳಿದಿದೆ. ಹತ್ತೊಂಬತ್ತು ಮೀನಿನ ಕುಟುಂಬಕ್ಕೆ ನನ್ನ ವಿರೋಧವಿಲ್ಲ. ಎಲ್ಲ ಬಲೆಗಳೂ ಆ ಅಜ್ಜಿಯ ಬಲೆಯಲ್ಲ. ಯಾರು ಎಷ್ಟು ಹಿಡಿದರು ಎಂಬ ಲೆಕ್ಕ ಎಲ್ಲರ ಮುಂದೆ, ಎಲ್ಲ ಕಡೆಯಿಂದ ಬರಲಿ: ಬಲೆಯವರದ್ದೂ, ಗಾಳದವರದ್ದೂ, ಸಮುದ್ರದ ದೋಣಿಗಳದ್ದೂ.

ಚಿಲಿವ್ಯಾಕ್‌ನ ಮಲೆನಾಡಿನವಳು

ಇದಕ್ಕೆ ನಾನು ಎರಡೂ ಕೈಯೆತ್ತುತ್ತೇನೆ. ಈ ಮಾತನ್ನು ಎರಡೂ ಕಡೆಯವರು ಒಂದೇ ಕೋಣೆಯಲ್ಲಿ ಕುಳಿತು ಆಡಿದ್ದೂ ಇದೆ. 2009ರಲ್ಲಿ ಇದೇ ನದಿಯಲ್ಲಿ ಗಾಳಗಾರರ ಜೊತೆ ಜಗಳವಾಗಿ ಸ್ಟೋಲೋ ಮುಖಂಡರೊಬ್ಬರ ಮೇಲೆ ಪೆಲೆಟ್ ಬಂದೂಕಿನಿಂದ ಗುಂಡು ಹಾರಿಸಿದರು. ಅದಾದ ಮೇಲೆ ಎರಡೂ ಕಡೆಯ ಹಿರಿಯರು ಹೆದರಿ ಒಟ್ಟಿಗೆ ಕುಳಿತರು. ತೇಲುವ ಬಲೆ ಬರುವಾಗ ಗಾಳ ಸುತ್ತಿಕೊಳ್ಳುವುದು, ದೋಣಿಯ ವೇಗ ತಗ್ಗಿಸುವುದು, ಸಿಟ್ಟು ಬಂದರೆ ಯಾರಿಗೆ ಹೇಳುವುದು ಎಂಬಂತಹ ಸಣ್ಣ ವಿಷಯಗಳಿಂದಲೇ ಆ ಮಾತುಕತೆ ಮುಂದೆ ಹೋಯಿತು.

ಸರ್ರೆಯ ಗಾಳಗಾರ (ಅಕ್ಟೋಬರ್)

ಈ ಬೇಸಿಗೆ ಫ್ರೇಸರ್‌ಗೆ ಮತ್ತೆ ಗಾಳ ಹಾಕಲಿಲ್ಲ. ಉದ್ದ ದಾರದ ಸರಂಜಾಮನ್ನೂ ಸೀಸದ ಗುಂಡುಗಳನ್ನೂ ತೆಗೆದುಹಾಕಿದೆ. ಅಕ್ಕ ಬರೆದ ‘ನಾವು ಚುಚ್ಚಿದೆವು’ ಎಂಬ ಮಾತು ನನಗೇ ಚುಚ್ಚಿತ್ತು, ಏಕೆಂದರೆ ನಾನೂ ಏಳೆಂಟು ವರ್ಷ ಮಾಡಿದ್ದು ಅದನ್ನೇ.

ನಿನ್ನೆ ವೆಡ್ಡರ್ ನದಿಗೆ ಹೋಗಿದ್ದೆ. ಅಲ್ಲಿ ಮರಿ ಬೆಳೆಸಿ ಬಿಡುವ ಕೇಂದ್ರದ ಕೋಹೋ ಈಗ ಮರಳುತ್ತಿದೆ. ಮೊದಲು ಸಿಕ್ಕ ಮೀನಿನ ಬೆನ್ನಿನ ಹಿಂಭಾಗದ ಪುಟ್ಟ ರೆಕ್ಕೆ ಹಾಗೆಯೇ ಇತ್ತು, ಅಂದರೆ ಹೊಳೆಯಲ್ಲೇ ಹುಟ್ಟಿದ ಮೀನು. ನೀರಿನಿಂದ ಎತ್ತದೆ ಕೊಕ್ಕೆ ಬಿಡಿಸಿದೆ. ಎರಡನೆಯದರ ರೆಕ್ಕೆ ಕತ್ತರಿಸಿತ್ತು, ಅಂದರೆ ಕೇಂದ್ರದಲ್ಲಿ ಬೆಳೆಸಿ ಬಿಟ್ಟ ಮೀನು, ಮನೆಗೆ ತಂದೆ. ಮಗಳು ಮುಳ್ಳುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟಿದ್ದಾಳೆ, ನಾಳೆ ಮತ್ತೆ ಹೊಳೆಗೆ ಬಿಟ್ಟು ಬರಬೇಕಂತೆ. ಅಕ್ಕ, ಹಾಗೆ ಬಿಡಬಹುದೇ, ನಿಯಮಕ್ಕೆ ಅಡ್ಡಿಯಿಲ್ಲವೇ? ಹಾಗೆಯೇ ಮೀನು ಎಣಿಸುವ ಕೆಲಸಕ್ಕೆ ಸ್ವಯಂಸೇವಕರನ್ನು ತೆಗೆದುಕೊಳ್ಳುತ್ತಾರೆಯೇ ಎಂದೂ ತಿಳಿಸಿ. ಶನಿವಾರಗಳು ನನಗೆ ಈಗ ಬಿಡುವು.